ಕಾಯಿಲೆಯ ಪಾಳಿ

"ಲೇ ಹೆಣವೇ, ಕಣ್ಣು ಎಲ್ಲಿಟ್ಟಿದೀಯೇ? ಬಿಳಿ ಉಣ್ಣೆ ಕಣೇ ಅದು. ಉಣ್ಣೆಗೆ ಬೆಲೆ ಇದೆ ಮುಂಡೇದೇ, ನಿನ್ ರಕ್ತಕ್ಕಿಲ್ಲ."

ಮೇಸ್ತ್ರಿ ಕೂಗಿದ ಮೇಲೆಯೇ ನಾವು ಅಕ್ಕನ ಕಡೆ ತಿರುಗಿ ನೋಡಿದ್ದು. ಅವಳ ಎಡ ಅಂಗೈ ಹೆಬ್ಬೆರಳಿನ ಬುಡದಿಂದ ಆ ಕಡೆಯವರೆಗೂ ಸೀಳಿಹೋಗಿತ್ತು. ರಕ್ತ ಮೊಣಕೈಗಿಳಿದು ಅಲ್ಲಿಂದ ಬಿಳಿ ಸ್ವೆಟರುಗಳ ಗುಡ್ಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಕ್ಕ ಮಾತ್ರ ಏನೂ ಆಗದವಳ ಹಾಗೆ ಮುಂದಿನ ಸ್ವೆಟರು ಎತ್ತಿಕೊಂಡು ಬ್ಲೇಡಿಗೆ ಕೊಡುತ್ತಿದ್ದಳು. ನಾನು ನನ್ನ ಹಲಗೆ ಬಿಟ್ಟು ಅವಳ ಕೈ ಹಿಡಿದುಕೊಂಡೆ. ತನ್ನ ಕೈಯನ್ನೇ ಅವಳು ಪಕ್ಕದ ಮನೆಯವರ ಕೈ ನೋಡುವ ಹಾಗೆ ನೋಡಿದಳು.

ರಕ್ತ ಬಿದ್ದ ಸ್ವೆಟರುಗಳನ್ನು ಮೇಸ್ತ್ರಿ ಕಾಲಿನಿಂದ ಬೇರೆ ಮಾಡಿ, ಇವನ್ನು ಕೆಂಪು ಗುಡ್ಡೆಗೆ ಹಾಕಿ ಎಂದ. ಹಾಕಿದೆವು.

ನಮ್ಮದು ಹಳೆ ಬಟ್ಟೆಯ ಗೋದಾಮು. ಎಲ್ಲೋ ದೂರದ ದೇಶದವರು ಉಟ್ಟು ಬಿಸಾಕಿದ್ದೆಲ್ಲ ಮೂಟೆ ಮೂಟೆಯಾಗಿ ಇಲ್ಲಿಗೆ ಬರುತ್ತದೆ. ನಾವು ಹೆಂಗಸರು ಸಾಲಾಗಿ ನೆಲದ ಮೇಲೆ ಕೂರುತ್ತೇವೆ. ಒಬ್ಬೊಬ್ಬಳ ಮುಂದೆ ಒಂದೊಂದು ಹಲಗೆ, ಹಲಗೆಗೆ ನೆಟ್ಟ ಉದ್ದನೆಯ ಬ್ಲೇಡು. ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ಬಟ್ಟೆಯನ್ನು ಬ್ಲೇಡಿನ ಮೇಲೆ ಎಳೆದು ಗುಂಡಿ, ಜಿಪ್ಪು, ಕಾಲರು ಕತ್ತರಿಸಬೇಕು. ಉಳಿದದ್ದನ್ನು ಬಣ್ಣ ನೋಡಿ ಗುಡ್ಡೆಗೆ ಎಸೆಯಬೇಕು. ಸಂಜೆ ಮೂಗು ಸೀನಿದರೆ ಅವತ್ತು ಯಾವ ಬಣ್ಣ ಕತ್ತರಿಸಿದ್ದೆವೋ ಅದೇ ಬಣ್ಣ ಬರುತ್ತದೆ.

ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಒಂದೇ ಮನೆ, ಒಂದೇ ಒಲೆ, ಗೋದಾಮಿನಲ್ಲೂ ಅಕ್ಕಪಕ್ಕದ ಹಲಗೆ. ಮೊದಲು ಇಡೀ ಸಾಲನ್ನು ನಗಿಸುತ್ತಿದ್ದವಳೇ ಅವಳು. ಮೂಟೆಯಿಂದ ಯಾವಳದೋ ತುಪ್ಪಳದ ಕೋಟು ಬಂದರೆ ಅದನ್ನು ಏರಿಸಿಕೊಂಡು, ಸಾಹುಕಾರರ ಹೆಂಡತಿ ಕಾರಿನಿಂದ ಇಳಿಯುವ ಹಾಗೆ ಮೂಗು ಮುಚ್ಚಿಕೊಂಡು ನಡೆದು ತೋರಿಸುತ್ತಿದ್ದಳು. ಆಮೇಲೆ ಅದು ನಿಂತಿತು. ನಗಿಸುವುದು ನಿಂತಿತು, ನಗುವುದು ನಿಂತಿತು, ಕೊನೆಗೆ ಜಗಳವೂ ನಿಂತಿತು. ಜಗಳ ನಿಂತಾಗ ನನಗೆ ಹೆದರಿಕೆಯಾಯಿತು. ಮಗಳು ಬಾಚಣಿಗೆ ಹಿಡಿದುಕೊಂಡು ಮುಂದೆ ಬಂದು ಕೂತರೂ ಇವಳ ಕೈ ಏಳುತ್ತಿರಲಿಲ್ಲ. ಆ ಹುಡುಗಿ ಸುಮ್ಮನೆ ಎದ್ದು ನನ್ನ ಹತ್ತಿರ ಬರುತ್ತಿತ್ತು, ನಾನು ಜಡೆ ಹಾಕುತ್ತಿದ್ದೆ.

ಜನಕ್ಕೆ ಕಾರಣ ಬೇಕು. ಗಂಡ ಹೊಡೀತಾನಾ? ಇಲ್ಲ, ಭಾವ ಕೈ ಎತ್ತಿದವನಲ್ಲ. ಮಕ್ಕಳು ಸತ್ತವಾ? ಇಲ್ಲ. ಮತ್ತೇನು ಕೊಬ್ಬು ಇವಳಿಗೆ ಎಂದರು. ನಾನೂ ಹುಡುಕಿದೆ, ನನಗೂ ಸಿಗಲಿಲ್ಲ.

ನಮ್ಮ ಸಾಲಿನಲ್ಲಿ ಕಾಯಿಲೆಗೆ ಒಂದು ಪಾಳಿ ಇದೆ. ವಾರಕ್ಕೆ ಒಬ್ಬಳಿಗೆ ಮಾತ್ರ ಅರ್ಧ ದಿನ ರಜೆ, ಅದೂ ಆಸ್ಪತ್ರೆಗೆಂದರೆ. ಉಳಿದವರು ಕಾಯಿಲೆ ಬೀಳುವಂತಿಲ್ಲ. ಹಾಗಂತ ಕಾಯಿಲೆ ಮೇಸ್ತ್ರಿಯ ಮಾತು ಕೇಳುತ್ತದೆಯೇ? ಅದಕ್ಕೇ ಪಾಳಿಯವಳು ಹೊರಡುವಾಗ ಎಲ್ಲರ ಕಾಯಿಲೆಯನ್ನೂ ಕಟ್ಟಿಕೊಂಡು ಹೋಗುತ್ತಾಳೆ. ಕೆಮ್ಮಜ್ಜಿಯ ಕೆಮ್ಮು, ಒಬ್ಬಳ ಮಂಡಿನೋವು, ಇನ್ನೊಬ್ಬಳ ಬಿಳಿಸೆರಗು, ಮತ್ತೊಬ್ಬಳ ತುರಿಕೆ, ಎಲ್ಲ ತನ್ನದೇ ಎಂದು ಡಾಕ್ಟರ ಮುಂದೆ ಹೇಳಿ ಔಷಧಿ ತರುತ್ತಾಳೆ. ತಂದದ್ದನ್ನು ಬ್ಲೇಡಿನಲ್ಲಿ ಕತ್ತರಿಸಿ ಹಂಚುತ್ತೇವೆ. ನಾನು ಚೆನ್ನಾಗಿ ವಾದ ಮಾಡುತ್ತೇನೆಂದು ನನ್ನನ್ನು 'ವಕೀಲಿ' ಎಂದು ಕರೆಯುತ್ತಾರೆ. ತಮ್ಮ ಪಾಳಿಯನ್ನೂ ಎಷ್ಟೋ ಜನ ನನಗೇ ಕೊಡುತ್ತಿದ್ದರು. ಕಂಪೌಂಡರ್ ನಮ್ಮ ಸಾಲಿನವರನ್ನು ಕಂಡರೆ ಉರಿದುಬೀಳುತ್ತಿದ್ದ. ಈ ಗೋದಾಮಿನ ಹೆಂಗಸರಿಗೆ ತಲೆಯಿಂದ ಕಾಲಿನವರೆಗೆ ಎಲ್ಲಾ ಕಾಯಿಲೇನೂ ಇರುತ್ತೆ, ಬರೀ ನಾಟಕ ಎನ್ನುತ್ತಿದ್ದ.

ಕೈ ಕುಯ್ದುಕೊಂಡ ವಾರ ಪಾಳಿಯನ್ನು ಅಕ್ಕನಿಗೇ ಬಿಟ್ಟೆವು. ಡಾಕ್ಟರಮ್ಮ ಹೊಲಿಗೆ ಹಾಕುತ್ತ ನೋವಾಗುತ್ತಾ ಎಂದು ಕೇಳಿದಳಂತೆ. ಇವಳು ಇಲ್ಲ ಎಂದಳಂತೆ. ಒಳ್ಳೆಯದು ಎಂದು ಹೇಳಿ ಕಳಿಸಿದಳಂತೆ.

ಆ ಆಸ್ಪತ್ರೆ ಎಂದರೆ ಒಂದು ಕೋಣೆ, ಒಂದು ಮೇಜು, ಒಂದು ಸ್ಟೂಲು. ನೆಗಡಿಯಿಂದ ಹೆರಿಗೆಯವರೆಗೆ ಒಬ್ಬಳೇ ಡಾಕ್ಟರಮ್ಮ, ನನಗಿಂತ ಚಿಕ್ಕವಳು. ಬಾಗಿಲು ಮುಚ್ಚದ ಹಾಗೆ ಒಂದು ಇಟ್ಟಿಗೆ ಒತ್ತಿಟ್ಟಿದ್ದಾರೆ. ಸಾಲು ಹೊರಗಿನಿಂದ ಶುರುವಾಗಿ, ಹೊಸ್ತಿಲು ದಾಟಿ, ಸ್ಟೂಲಿನ ಬೆನ್ನಿಗೇ ಬಂದು ನಿಲ್ಲುತ್ತದೆ. ನಿನ್ನ ಕಾಯಿಲೆ ಡಾಕ್ಟರಿಗೆ ತಿಳಿಯುವ ಮೊದಲು ಹಿಂದೆ ನಿಂತವಳಿಗೆ ತಿಳಿಯುತ್ತದೆ. ಹೊರಗಿನ ಗೋಡೆಯ ಮೇಲೆ ಹೊಸದಾಗಿ ಒಂದು ಪಟ ಅಂಟಿಸಿದ್ದರು. ಒಬ್ಬ ಹೆಂಗಸು ತಲೆ ಹಿಡಿದುಕೊಂಡು ಕೂತಿದ್ದಾಳೆ, ಮೇಲೊಂದು ಕಪ್ಪು ಮೋಡ. ಕೆಮ್ಮಜ್ಜಿ ಅದನ್ನು ತಲೆನೋವಿನ ಪಟ ಎಂದೇ ಎಲ್ಲರಿಗೂ ಹೇಳಿದ್ದಳು. ನನಗೆ ಓದಲು ಬರುತ್ತದೆ. ಮನಸ್ಸಿನ ಕಾಯಿಲೆಗೂ ಇಲ್ಲೇ ಔಷಧಿ ಉಂಟು, ನಿಮ್ಮ ಡಾಕ್ಟರನ್ನು ಕೇಳಿ ಎಂದು ಅದರಲ್ಲಿತ್ತು.

ಕೇಳುವುದೇನೋ ಸರಿ. ಆದರೆ ಬಾಗಿಲು ತೆರೆದಿಟ್ಟು ಅಕ್ಕನ ಹೆಸರೆತ್ತಿ ಕೇಳಿದರೆ ಸಂಜೆಯೊಳಗೆ ಮೇಸ್ತ್ರಿಯ ಕಿವಿಗೆ ಬೀಳುತ್ತದೆ. ಹಿಂದೆ ಮೂರ್ಛೆ ಬರುತ್ತಿದ್ದವಳೊಬ್ಬಳನ್ನು, ತಲೆ ಕೆಟ್ಟೋರನ್ನ ಬ್ಲೇಡಿನ ಮುಂದೆ ಕೂರಿಸಲ್ಲ ಎಂದು ಅವನು ಹೊರಗೆ ಹಾಕಿದ್ದ. ಆಮೇಲೆ ಅವಳನ್ನು ಯಾವ ಗೋದಾಮೂ ಸೇರಿಸಿಕೊಳ್ಳಲಿಲ್ಲ. ಭಾವನಿಗೂ ನನ್ನ ಗಂಡನಿಗೂ ಹಮಾಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ನಮ್ಮಿಬ್ಬರ ಹಲಗೆಯಿಂದ. ಅದಕ್ಕೇ ನನ್ನ ಪಾಳಿಯಲ್ಲಿ ಅಕ್ಕನ ಕಾಯಿಲೆಯನ್ನು ನನ್ನದೆಂದು ಹೊತ್ತುಕೊಂಡು ಹೋದೆ. ಕೆಮ್ಮನ್ನು ಹೊತ್ತವಳಿಗೆ ಇದೇನು ಭಾರ?

ಮೈಯೆಲ್ಲ ಮರಗಟ್ಟಿದ ಹಾಗೆ ಇರುತ್ತೆ ಡಾಕ್ಟ್ರಮ್ಮ ಎಂದೆ. ಅವಳು ಪೆನ್ನು ಕೆಳಗಿಟ್ಟಳು. ಯಾವುದೋ ತರಬೇತಿಗೆ ಹೋಗಿಬಂದಿದ್ದಳಂತೆ. ಕಲಿತದ್ದು ಮರೆಯಬಾರದೆನ್ನುವ ಹಾಗೆ ಬೆರಳು ಮಡಚುತ್ತ ಒಂದೊಂದೇ ಕೇಳಿದಳು. ಯಾವುದರಲ್ಲಾದರೂ ಆಸೆ ಇದೆಯಾ, ನಿದ್ದೆ ಬರುತ್ತಾ, ಊಟ ಸೇರುತ್ತಾ. ಅಕ್ಕನನ್ನು ಕಣ್ಣ ಮುಂದೆ ತಂದುಕೊಂಡು ನಾನು ಉತ್ತರ ಹೇಳುತ್ತಾ ಹೋದೆ. ಹಿಂದಿನ ಸಾಲಿನ ಗದ್ದಲಕ್ಕೆ ಅವಳು ಗಂಟಲು ಏರಿಸಬೇಕಾಯಿತು.

"ಸತ್ತುಹೋಗೋಣ ಅನ್ಸುತ್ತೇನಮ್ಮ?"

ಗದ್ದಲ ಪೂರ್ತಿ ನಿಂತಿತು. ಇದೊಂದನ್ನು ನಾನು ಅಕ್ಕನ ಹತ್ತಿರ ಕೇಳಿರಲಿಲ್ಲ. ಕೇಳುವುದಾದರೂ ಹೇಗೆ?

"ಸಾಯೋಕೂ ರಜೆ ಸಿಗಬೇಕಲ್ಲ ಡಾಕ್ಟ್ರಮ್ಮ."

ಹಿಂದೆ ಯಾರೋ ಕಿಸಕ್ಕೆಂದರು. ಡಾಕ್ಟರಮ್ಮ ನಗಲಿಲ್ಲ. ಮಾತ್ರೆ ಬರೆದಳು. ದಿನಕ್ಕೊಂದು, ಒಂದು ದಿನವೂ ಬಿಡಬಾರದು, ಬೇಗ ಗುಣ ಕಾಣಲ್ಲ, ಆದರೂ ನಿಲ್ಲಿಸಬಾರದು ಎಂದು ಮತ್ತೆ ಮತ್ತೆ ಹೇಳಿದಳು. ಒಬ್ಬರೇ ತಿನ್ನಬೇಕು ಎಂದು ಮಾತ್ರ ಹೇಳಲಿಲ್ಲ. ಅಂಥದ್ದನ್ನು ಹೇಳಬೇಕಾದೀತೆಂದು ಅವಳಿಗೆ ಹೊಳೆಯುವುದಾದರೂ ಹೇಗೆ?

ಮೊದಮೊದಲು ಏನೂ ಆಗಲಿಲ್ಲ. ನಾನು ದಿನಾ ಮಾತ್ರೆ ಅಕ್ಕನ ಬಾಯಿಗೆ ಹಾಕಿ ನೀರು ಕುಡಿಸುತ್ತಿದ್ದೆ. ಅವಳು ಬೇಡ ಎನ್ನುತ್ತಿರಲಿಲ್ಲ, ಬೇಕು ಎನ್ನುತ್ತಿರಲಿಲ್ಲ. ನಾಲ್ಕೈದು ವಾರ ಕಳೆದಿರಬೇಕು, ಒಂದು ದಿನ ಊಟಕ್ಕೆ ಕೂತಾಗ ತುತ್ತು ಬಾಯಿಗಿಟ್ಟುಕೊಂಡು ಉಪ್ಪು ಕಮ್ಮಿ ಎಂದಳು. ಅಷ್ಟು ದಿನ ಮಣ್ಣು ಬಡಿಸಿದ್ದರೂ ತಿಂದು ಏಳುತ್ತಿದ್ದವಳು. ನಾನು ಉಪ್ಪಿನ ಡಬ್ಬಿಯನ್ನೇ ತಂದು ಅವಳ ಮುಂದಿಟ್ಟೆ. ನನಗೆ ಖುಷಿಯಾಗಿತ್ತು, ಅದನ್ನು ಬಚ್ಚಿಡಲು ಡಬ್ಬಿ ಇನ್ನಷ್ಟು ಹತ್ತಿರ ತಳ್ಳಿದೆ. ಮಾರನೆಯ ವಾರ ಮಗಳಿಗೆ ಸೊಟ್ಟಗೆ ಒಂದು ಜಡೆ ಹಾಕಿದಳು. ಆ ಹುಡುಗಿ ಅದನ್ನು ಬಿಚ್ಚಲು ಬಿಡದೆ ಹಾಗೆಯೇ ಮಲಗಿತು.

ಹುಷಾರಾಗುತ್ತ ಅಕ್ಕನಿಗೆ ನಾನೂ ಕಾಣಿಸಿದೆ. ಗೋದಾಮಿನಿಂದ ಬರುವ ದಾರಿಯಲ್ಲಿ, ವಕೀಲಿ ಬಾಯಿ ಯಾಕೆ ಬಿದ್ದುಹೋಗಿದೆ ಎಂದು ಕೇಳಿದಳು. ಡಾಕ್ಟರಮ್ಮನ ಹತ್ತಿರ ಏನೇನು ಹೇಳಿದೆ, ಎಲ್ಲ ಹೇಳು ಎಂದಳು. ಒಂದೂ ಬಿಡದೆ ಹೇಳಿದೆ, ಕೊನೆಯದನ್ನೂ ಹೇಳಿದೆ. ಅವಳು ನಿಂತು ನನ್ನ ಕಡೆ ತಿರುಗಿದಳು.

"ಆ ಕೊನೇ ಮಾತು ನಂದಲ್ಲ ಕಣೇ. ನಿಂದು."

 ಅಲ್ಲ ಎನ್ನಲು ನೋಡಿದೆ, ಒಳಗೆ ಹುಡುಕಿದರೆ ಏನೂ ಇರಲಿಲ್ಲ. ಮಾರನೆಯ ದಿನ ಅಕ್ಕ ತನ್ನ ಮಾತ್ರೆಯನ್ನು ಬ್ಲೇಡಿನ ಮೇಲಿಟ್ಟು ಎರಡು ಹೋಳು ಮಾಡಿ ಅರ್ಧ ನನ್ನ ಅಂಗೈಗಿಟ್ಟಳು. ಬೇಡ ಎಂದೆ. ನಿನ್ನ ಕೆಮ್ಮಿನ ಔಷಧಿ ನಾನು ಕುಡಿದಿಲ್ವಾ, ಬಾಯಿ ಮುಚ್ಚಿಕೊಂಡು ನುಂಗು ಎಂದು ಗದರಿದಳು.

ಸಾಲಿನಲ್ಲಿ ಗುಟ್ಟು ನಿಲ್ಲುವುದುಂಟೇ? ಅಕ್ಕ ಹುಷಾರಾದದ್ದನ್ನು ಎಲ್ಲರೂ ಕಂಡಿದ್ದರು. ನನಗೂ ಒಂಚೂರು ಎಂದು ಮಂಡಿಯವಳು ಕೈಚಾಚಿದಳು. ಅವಳ ಗಂಡ ಹೋದ ವರ್ಷ ಬಾವಿ ತೋಡುವಾಗ ಮಣ್ಣು ಕುಸಿದು ಹೋದವನು. ಅವಳಿಗೆ ಇಲ್ಲ ಎನ್ನುವುದು ಹೇಗೆ? ಕೆಮ್ಮಜ್ಜಿಗೆ ನಿದ್ದೆ ಇರಲಿಲ್ಲ. ಅರ್ಧ ಹೋಗಿ ಕಾಲಾಯಿತು. ಕಾಲು ಹೋಗಿ ಬ್ಲೇಡಿಗೆ ಅಂಟಿದ ಬಿಳಿ ಹುಡಿಯಾಯಿತು, ಅದನ್ನೂ ಬೆರಳಿನಿಂದ ಒರೆಸಿ ನೆಕ್ಕಿದರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಯಾರಿಗೂ ಏನೂ ಆಗಲಿಲ್ಲ. ಅಕ್ಕ ಮಾತ್ರ ಮತ್ತೆ ಕೆಳಗಿಳಿದಳು. ಮೊದಲು ಜಡೆ ಹೋಯಿತು, ಆಮೇಲೆ ಉಪ್ಪು. ಕೊಡಬೇಡ, ನೀನೊಬ್ಬಳೇ ತಿನ್ನು ಎಂದು ಹೇಳಿದರೆ, ಯಾರೋ ದಾರಿಹೋಕರು ಮಾತಾಡಿದ ಹಾಗೆ ನನ್ನ ಮುಖ ನೋಡುತ್ತಿದ್ದಳು.

ಅತ್ತ ಡಾಕ್ಟರಮ್ಮ ನನ್ನನ್ನು ನೋಡಿ ಹುಬ್ಬು ಗಂಟಿಕ್ಕುತ್ತಿದ್ದಳು. ಗುಣ ಕಾಣುತ್ತಿಲ್ಲವಲ್ಲ ಎಂದು ಮಾತ್ರೆ ಹೆಚ್ಚಿಸಿದಳು. ಹೆಚ್ಚಿಸಿದ್ದನ್ನು ತಂದೆ, ಹೆಚ್ಚು ಜನಕ್ಕೆ ಹಂಚಿಹೋಯಿತು. ಅವಳು ಮತ್ತೆ ಹೆಚ್ಚಿಸಿದಳು. ಒಬ್ಬಳಿಗೆ ಮದ್ದು ಮಾಡುತ್ತಿದ್ದೇನೆಂದು ಅವಳು ತಿಳಿದಿದ್ದಳು, ಪಾಪ. ಅವಳ ಎದುರಿಗೆ ಸ್ಟೂಲಿನ ಮೇಲೆ ನಮ್ಮ ಗೋದಾಮಿನ ಇಡೀ ಸಾಲು ಕೂತಿತ್ತು.

ಕೆಡಿಸಿದ್ದು ಕೆಮ್ಮಜ್ಜಿ. ತನ್ನ ಪಾಳಿಯ ದಿನ ಹೋಗಿ, ಆ ವಕೀಲಿ ತರ್ತಾಳಲ್ಲ, ಅದೇ ಮಾತ್ರೆ ಕೊಡವ್ವ, ಚೂರು ನೆಕ್ಕಿದ್ರೂ ನಿದ್ದೆ ಬಂದ ಹಾಗಾಗುತ್ತೆ ಎಂದು ಕೇಳಿಬಿಟ್ಟಳಂತೆ. ಅಜ್ಜಿಯನ್ನು ಬೈದು ಏನು ಪ್ರಯೋಜನ? ಅವಳಿಗೆ ನಿಜವಾಗಿಯೂ ನಿದ್ದೆ ಬೇಕಿತ್ತು.

ಮುಂದಿನ ವಾರ ನಾನು ಹೋದಾಗ ಡಾಕ್ಟರಮ್ಮ ಬೈಯಲಿಲ್ಲ. ಎರಡು ಕೈಯಿಂದ ಮುಖ ಒರೆಸಿಕೊಂಡು, ಒಬ್ಬರ ಔಷಧಿ ಒಬ್ಬರಿಗೇ, ಉಳಿದವರು ಅವರವರೇ ಬಂದು ತೋರಿಸಿಕೊಳ್ಳಲಿ ಎಂದಳು. ವಾರಕ್ಕೆ ಒಬ್ಬಳನ್ನೇ ಬಿಡ್ತಾರೆ ಎಂದೆ. ಅದು ನನ್ನ ಕೈಲಿಲ್ಲಮ್ಮ ಎಂದಳು. ನಿಜವೇ. ಅವಳ ಕೈಯಲ್ಲೂ ಇರಲಿಲ್ಲ, ನಮ್ಮ ಕೈಯಲ್ಲೂ ಇರಲಿಲ್ಲ. ನುಂಗೋದು ನಾನಲ್ಲ, ನನ್ನ ಅಕ್ಕ ಎನ್ನಲು ಬಾಯಿ ತೆರೆದೆ. ನನ್ನ ಬೆನ್ನಿಗೆ ಅಂಟಿಕೊಂಡೇ ಮೇಸ್ತ್ರಿಯ ನಾದಿನಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಬಾಯಿ ಮುಚ್ಚಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಂಪೌಂಡರ್ ಅಲ್ಲೇ ನಿಂತಿದ್ದ.

"ಹಂಚ್ತಾಳಂತೆ ಹಂಚ್ತಾಳೆ. ಮಾರ್ಕೊಳ್ತಿರ್ತಾಳೆ ಮೇಡಂ, ಇವರ ಜಾತಕ ನನಗೆ ಗೊತ್ತು. ಏಯ್, ಇವತ್ತಿಂದು ಇಲ್ಲೇ ನುಂಗು. ನಮ್ಮೆದುರಿಗೆ."

ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದಳು. ಬೇಡ ಎನ್ನಲಿಲ್ಲ. ಅವನು ಮಾತ್ರೆಯನ್ನು ನನ್ನ ನಾಲಿಗೆಯ ಮೇಲಿಟ್ಟು ನೀರು ಕೊಟ್ಟ. ಕುಡಿದೆ.

"ಬಾಯಿ ತೆಗಿ. ನಾಲಿಗೆ ಎತ್ತು. ಆ ಅನ್ನು."

ಬಾಯೊಳಗೆ ಟಾರ್ಚು ಹಾಕಿ, ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ ನೋಡಿದ. ಅವನ ಹೆಬ್ಬೆರಳು ನನ್ನ ತುಟಿಯನ್ನು ಕೆಳಗೆ ಎಳೆದಿತ್ತು, ಅದಕ್ಕೆ ಸ್ಪಿರಿಟ್ಟಿನ ವಾಸನೆ ಇತ್ತು. ಹಿಂದಿನ ಸಾಲು ಕತ್ತು ಉದ್ದ ಮಾಡಿತು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇದು ಯಾರದೋ ಬಾಯಿ ಎನ್ನಿಸಿತು. ಅಕ್ಕ ತನ್ನ ಸೀಳಿದ ಕೈಯನ್ನು ಹೇಗೆ ನೋಡಿದ್ದಳೆಂದು ಆಗ ತಿಳಿಯಿತು.

ಇನ್ನು ಮೇಲೆ ಮನೆಯ ಗಂಡಸನ್ನು ಕರೆತಂದರೆ ಅವನ ಕೈಗೇ ಕೊಡುವುದು, ಇವಳ ಕೈಗಿಲ್ಲ ಎಂದು ತೀರ್ಮಾನ ಮಾಡಿ ಕಳಿಸಿದರು. ನಾನು ಬಾಯಿ ಬಿಗಿಹಿಡಿದು ನಡೆದೆ. ನನ್ನ ದವಡೆಯಲ್ಲಿ ಒಂದು ಹಲ್ಲು ಬಿದ್ದುಹೋಗಿ ಕುಳಿ ಇದೆ. ಮಾತ್ರೆ ಆ ಕುಳಿಯಲ್ಲಿತ್ತು. ಕರಗುತ್ತ ಕಹಿ ಗಂಟಲಿಗಿಳಿಯುತ್ತಿತ್ತು. ಎಂಜಲು ನುಂಗದೆ ಅರ್ಧ ದಾರಿ ಓಡಿದೆ.

ಗೋದಾಮಿಗೆ ಬಂದು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈಗೆ ಉಗುಳಿದೆ. ಮಾತ್ರೆ ಎನ್ನುವಂಥದ್ದೇನೂ ಉಳಿದಿರಲಿಲ್ಲ. ಎಂಜಲು, ಅದರಲ್ಲಿ ಒಂದು ಬಿಳಿ ಚೂರು. ಸಾಲಿನ ಕೈಗಳು ನಿಂತವು. ಬಾಯಿ ತೆರೆಸಿ ನೋಡಿದ್ರು, ಇನ್ನು ಕೊಡಲ್ಲವಂತೆ, ಇಷ್ಟೇ ಉಳಿದದ್ದು, ಬೇಗ ತಗೋ ಎಂದೆ. 

ಅಕ್ಕ ನನ್ನ ಅಂಗೈಯನ್ನು ತುಂಬ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಹತ್ತಿರದ ಗುಡ್ಡೆಯಿಂದ ಒಂದು ಬಿಳಿ ಸ್ವೆಟರು ಎಳೆದು, ಅದರ ತೋಳಿನಿಂದ ನನ್ನ ಕೈ ಒರೆಸಿದಳು. ಬೆರಳ ಸಂದಿಯನ್ನೂ ಬಿಡದೆ ಒರೆಸಿದಳು. ಆಮೇಲೆ ಎದ್ದಳು. ಎಷ್ಟೋ ತಿಂಗಳಿಂದ ಯಾರಾದರೂ ಏಳಿಸದೆ ಎದ್ದವಳಲ್ಲ ಅವಳು. ಬಗ್ಗಿ ತನ್ನ ಹಲಗೆಯಿಂದ ಬ್ಲೇಡನ್ನು ಅಲ್ಲಾಡಿಸಿ ಕಿತ್ತಳು.

ಮೇಸ್ತ್ರಿ ಓಡಿಬಂದ. ಏಟು ಬೀಳುತ್ತದೆಂದುಕೊಂಡನೋ ಏನೋ, ಒಂದಷ್ಟು ದೂರದಲ್ಲೇ ನಿಂತ.

"ಎಲ್ಲಿಗೇ ಹೊರಟೆ? ಈ ವಾರದ ಪಾಳಿ ಮುಗೀತು. ಈ ವಕೀಲಿ ಮುಂಡೆ ಈಗ ತಾನೆ ಹೋಗ್ಬಂದ್ಲು."

"ಅವಳು ಹೋಗಿದ್ದು ನನ್ ಪಾಳಿ. ಕಾಯಿಲೆ ನಂದು."

"ಹೊರಗೆ ಕಾಲಿಟ್ಟೆ ಅಂದ್ರೆ ಈ ಜಾಗ ಬೇರೆಯವಳಿಗೆ ಕೊಡ್ತೀನಿ, ನೋಡ್ತಿರು."

"ಕೊಡು ಮತ್ತೆ."

ಬ್ಲೇಡಿನ ಮೊಂಡು ತುದಿಯನ್ನು ಅವನ ಕಡೆ ಮಾಡಿ ಅವನ ಕೈಗೇ ಕೊಟ್ಟಳು. ಅವನು ತೆಗೆದುಕೊಂಡ. ಏನು ಮಾಡಬೇಕೆಂದು ತಿಳಿಯದೆ ಅದನ್ನು ಹಿಡಿದು ನಿಂತ ಅವನನ್ನು ನೋಡಿ ಮಂಡಿಯವಳು ಬೋಳಿಮಗ ಎಂದು ಅವನಿಗೆ ಕೇಳುವಷ್ಟು ಜೋರಾಗಿಯೇ ಹೇಳಿದಳು. ನಾನು ನನ್ನ ಹಲಗೆಯನ್ನೊಮ್ಮೆ ನೋಡಿದೆ. ಇಬ್ಬರ ಹಲಗೆ ಹೋದರೆ ಒಲೆಯ ಮೇಲೆ ಏನಿಡುವುದು ಎನ್ನುವುದು ತಲೆಗೆ ಬಂತು, ಬಂದು ಹಾಗೆಯೇ ಹೋಯಿತು. ಅಕ್ಕನ ಹಿಂದೆ ನಡೆದೆ.

ಆಸ್ಪತ್ರೆಯಲ್ಲಿ ಅಕ್ಕ ಸಾಲಿನಲ್ಲಿ ನಿಲ್ಲಲಿಲ್ಲ. ಜನ ಬೈದರು, ಒಬ್ಬಳು ಸೆರಗು ಹಿಡಿದು ಎಳೆದಳು. ಅವಳಿಗೆ ಅದು ತಗುಲಿದ ಹಾಗೆ ಕಾಣಲಿಲ್ಲ. ನೇರ ಒಳಗೆ ಹೋಗಿ ಸ್ಟೂಲಿನ ಅರ್ಧಕ್ಕೆ ಕೂತು, ಹೊಲಿಗೆಯ ಗುರುತಿದ್ದ ಕೈಯಿಂದ ನನ್ನನ್ನು ಎಳೆದು ಇನ್ನರ್ಧಕ್ಕೆ ಕೂರಿಸಿಕೊಂಡಳು. ಕಂಪೌಂಡರ್ ಮತ್ತೆ ಬಂದ್ಲಲ್ಲಪ್ಪ ಎಂದು ಟಾರ್ಚು ಮೇಜಿನ ಮೇಲೆ ಕುಕ್ಕಿದ. ಡಾಕ್ಟರಮ್ಮ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು.

"ಇಬ್ಬರಲ್ಲಿ ಪೇಷೆಂಟ್ ಯಾರಮ್ಮ?"

ಬೆನ್ನ ಹಿಂದೆ ಸಾಲು ಒತ್ತಿಕೊಂಡು ಬಂತು. ಮೇಸ್ತ್ರಿಯ ನಾದಿನಿ ಔಷಧಿ ತೆಗೆದುಕೊಂಡಾದ ಮೇಲೂ ಮನೆಗೆ ಹೋಗದೆ ಹೊಸ್ತಿಲಲ್ಲೇ ನಿಂತಿದ್ದಳು.

"ಬಾಗ್ಲು ಹಾಕಿ. ಹೇಳ್ತೀನಿ," ಎಂದಳು ಅಕ್ಕ.

ಕಂಪೌಂಡರ್ ನಕ್ಕುಬಿಟ್ಟ. ಆ ಬಾಗಿಲು ಹಾಕಿದ್ದನ್ನು ಅವನೂ ಕಂಡಿರಲಿಲ್ಲವೋ ಏನೋ. ಡಾಕ್ಟರಮ್ಮ ನಗಲಿಲ್ಲ, ಆದರೆ ಕೈಗಡಿಯಾರ ನೋಡಿದಳು.

"ಹಾಗೇ ಹೇಳಮ್ಮ. ಹೊರಗೆ ಎಷ್ಟು ಜನ ಇದಾರೆ ನೋಡು."

"ಅದಕ್ಕೇ."

ಯಾರೂ ಅಲುಗಲಿಲ್ಲ. ಅಕ್ಕ ಎದ್ದಳು. ಬಾಗಿಲಿನ ಹತ್ತಿರ ಹೋಗಿ, ನಿಂತವರನ್ನು ಒಬ್ಬೊಬ್ಬರನ್ನಾಗಿ ಎದೆಗೆ ಕೈಕೊಟ್ಟು ಹೊಸ್ತಿಲಿನಾಚೆ ದಾಟಿಸಿದಳು. ಜಗಳವಾಡಲಿಲ್ಲ, ಮೂಟೆ ಸರಿಸುವ ಹಾಗೆ ಸರಿಸಿದಳು. ಇಟ್ಟಿಗೆಯನ್ನು ಕಾಲಿನಿಂದ ಒದ್ದಳು. ಬಾಗಿಲು ಊದಿಕೊಂಡಿತ್ತು, ಚೌಕಟ್ಟಿಗೆ ಕೂರಲಿಲ್ಲ. ನಾನೂ ಹೋಗಿ ಹೆಗಲು ಕೊಟ್ಟೆ. ಚಿಲಕಕ್ಕೆ ತುಕ್ಕು ಹಿಡಿದಿತ್ತು. ಅಕ್ಕ ಅದನ್ನು ಹಿಂದೆ ಮುಂದೆ ಆಡಿಸಿ ಆಡಿಸಿ ಕೊನೆಗೂ ಏರಿಸಿದಳು.

ಕೋಣೆ ಅರೆಗತ್ತಲಾಯಿತು. ಡಾಕ್ಟರಮ್ಮನ ಮುಖದಲ್ಲಿ ಏನಿತ್ತೋ ನನಗೆ ಕಾಣಲಿಲ್ಲ. ಹೊರಗಿನವರು ಬಾಗಿಲು ಬಡಿಯತೊಡಗಿದರು, ಮೊದಲು ಒಂದು ಕೈ, ಆಮೇಲೆ ಎಷ್ಟೋ ಕೈ. ಅಕ್ಕ ವಾಪಸು ಬಂದು ಸ್ಟೂಲಿನ ಮೇಲೆ ಕೂತಳು. ಅರ್ಧ ಜಾಗ ನನಗೆ ಬಿಟ್ಟಿದ್ದಳು.